ಕೆ. ವೆಂಕಟಪ್ಪ: ಕಿರುಚಿತ್ರದ ಕುಂಚ, ಅರಮನೆಯ ನೆರಳು

ಚಿತ್ರಕಲೆಯ ಮಾತು ಬಂದಾಗ ನಮ್ಮ ಮಲೆನಾಡಿನ ವೀಕ್ಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ಮಿನಿಯೇಚರ್ ಎಂದರೆ ಏನು? ಅದು ರಾಜಸ್ಥಾನಕ್ಕೋ ಮೊಗಲರಿಗೋ ಸೇರಿದ ಕಲೆಯಲ್ಲವೇ? ನಮ್ಮ ಕಡೆ ಅದನ್ನು ಬರೆದವರು ಯಾರಾದರೂ ಇದ್ದಾರೆಯೇ? ಇದ್ದಾರೆ. ಮೈಸೂರಿನ ಕೆ. ವೆಂಕಟಪ್ಪನವರು ಅಂಥವರಲ್ಲಿ ಮುಖ್ಯರು. ಅವರ ಬದುಕು ಮತ್ತು ಕೆಲಸವನ್ನು ತಿಳಿಯುವುದೆಂದರೆ, ಅಂಗೈಯಗಲದ ಒಂದು ಚಿತ್ರಕ್ಕೆ ಎಷ್ಟು ದಿನಗಳ ದುಡಿಮೆ ಬೇಕು, ಆ ದುಡಿಮೆಗೆ ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆಗಳನ್ನೂ ತಿಳಿದಂತೆ.

ಹೆಸರಿನ ಹಿಂದಿನ ಕಥೆ

ಮಿನಿಯೇಚರ್ ಎಂದರೆ ಚಿಕ್ಕದು ಎಂಬ ಅರ್ಥ ಇಂದು ರೂಢಿಯಲ್ಲಿದೆ. ಆದರೆ ಆ ಪದದ ಮೂಲ ಗಾತ್ರಕ್ಕೆ ಸಂಬಂಧಿಸಿದ್ದಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಮಿನಿಯಂ' ಎಂದರೆ ಸೀಸದಿಂದ ತಯಾರಾಗುವ ಕೆಂಪು ಬಣ್ಣ. ಯುರೋಪಿನ ಹಸ್ತಪ್ರತಿಗಳಲ್ಲಿ ಅಧ್ಯಾಯದ ಮೊದಲ ಅಕ್ಷರವನ್ನು ಈ ಕೆಂಪಿನಿಂದ ಬರೆದು ಅಲಂಕರಿಸುತ್ತಿದ್ದರು. ಪುಸ್ತಕದೊಳಗಿನ ಚಿತ್ರಗಳಿಗೂ ಕ್ರಮೇಣ ಅದೇ ಹೆಸರು ಬಂತು. ಪುಸ್ತಕದ ಹಾಳೆ ಸಣ್ಣದು, ಚಿತ್ರವೂ ಸಣ್ಣದು. ಹೀಗಾಗಿ ಬಣ್ಣದ ಹೆಸರು ಗಾತ್ರದ ಹೆಸರಾಯಿತು.

ಮುಂದೆ ಚಿತ್ರ ಪುಸ್ತಕದಿಂದ ಹೊರಬಂದಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ವೆನಿಸ್ ನಗರದ ರೊಸಾಲ್ಬಾ ಕಾರಿಯೆರಾ ಎಂಬ ಕಲಾವಿದೆ ಆನೆದಂತದ ತೆಳುವಾದ ಬಿಲ್ಲೆಗಳ ಮೇಲೆ ಭಾವಚಿತ್ರ ಬರೆಯುವುದನ್ನು ಜನಪ್ರಿಯಗೊಳಿಸಿದಳು. ಛಾಯಾಚಿತ್ರ ಇಲ್ಲದ ಆ ಕಾಲದಲ್ಲಿ ದೂರದ ಗಂಡನ, ಮದುವೆಯಾಗಿ ಹೋದ ಮಗಳ ಮುಖವನ್ನು ಕತ್ತಿನ ಪದಕದಲ್ಲೋ ಕಿಸೆಯ ಡಬ್ಬಿಯಲ್ಲೋ ಇಟ್ಟುಕೊಳ್ಳಲು ಇದೊಂದೇ ದಾರಿ. ಶ್ರೀಮಂತ ಮನೆತನಗಳ ಹೆಣ್ಣುಮಕ್ಕಳು ತಾವೇ ಈ ಕಲೆ ಕಲಿತದ್ದೂ ಉಂಟು. ಪೋಲೆಂಡಿನ ಜಮೀನ್ದಾರಿ ಮನೆತನದ ವಲೇರಿಯಾ ತಾರ್ನೋವ್ಸ್ಕಾ (1782-1849) ಅಂಥವಳು. ಗಂಡನೊಡನೆ ಇಟಲಿಗೆ ಹೋದ ಆಕೆ ಅಲ್ಲಿನ ಹಿರಿಯ ಶಿಲ್ಪಿ ಕನೋವಾನಿಂದ 'ಪರ್ಸಿಯಸ್' ಎಂಬ ಅಮೃತಶಿಲೆಯ ಮೂರ್ತಿಯನ್ನು ಮಾಡಿಸಿಕೊಂಡಳು. ಅದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಆಕೆ ತಾನೂ ಕುಂಚ ಹಿಡಿದು, ಹಿಂದಿನ ಕಾಲದ ದೊಡ್ಡ ಕಲಾವಿದರ ಚಿತ್ರಗಳನ್ನು ಕಿರುಗಾತ್ರಕ್ಕೆ ಇಳಿಸಿ ಬರೆದಳು. ಅವಳದು ಕೂಲಿಗಾಗಿ ಮಾಡಿದ ಕೆಲಸವಲ್ಲ. ಚಿತ್ರ ಒಂದು ತಿಂಗಳಿಗೆ ಮುಗಿದರೂ ಆಯಿತು, ಒಂದು ವರ್ಷಕ್ಕೆ ಮುಗಿದರೂ ಆಯಿತು, ಕೇಳುವವರಿರಲಿಲ್ಲ.

ವೆಂಕಟಪ್ಪನವರ ಸ್ಥಿತಿ ಇದಕ್ಕೆ ವಿರುದ್ಧ. ಅವರೂ ಅಷ್ಟೇ ನಿಧಾನವಾಗಿ, ಅಷ್ಟೇ ಸೂಕ್ಷ್ಮವಾಗಿ ಬರೆಯುವ ಕಲಾವಿದರು. ಆದರೆ ಅರಮನೆ ಅವರದಾಗಿರಲಿಲ್ಲ. ಅವರು ಅರಮನೆಗಾಗಿ ದುಡಿದವರು.

ಚಿತ್ರಗಾರರ ಮನೆ

ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ. ಮನೆತನ ಆಸ್ಥಾನದ ಚಿತ್ರಗಾರರದು. ವಿಜಯನಗರದ ಪತನದ ನಂತರ ಅಲ್ಲಿನ ಕಲಾವಿದರ ಕುಟುಂಬಗಳು ಚದುರಿ, ಕೆಲವು ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ ಒಡೆಯರ ಆಶ್ರಯ ಪಡೆದವು ಎಂಬುದು ಮೈಸೂರು ಶೈಲಿಯ ಹಿನ್ನೆಲೆಯಾಗಿ ಹೇಳುವ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆಗೆ ವಿಶೇಷ ಪೋಷಣೆ ದೊರೆಯಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೂ ಮುಮ್ಮಡಿಯವರು 1868ರಲ್ಲಿ ತೀರಿಕೊಳ್ಳುವವರೆಗೆ ಕಲೆ, ಸಾಹಿತ್ಯಗಳನ್ನು ಬಿಡಲಿಲ್ಲ. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳುಳ್ಳ ಸಚಿತ್ರ ಗ್ರಂಥ. ದೇವತೆಗಳ ಧ್ಯಾನಶ್ಲೋಕಗಳಿಗೆ ತಕ್ಕ ಕಿರುಚಿತ್ರಗಳಲ್ಲದೆ, ಅದರ ಕೌತುಕನಿಧಿಯಲ್ಲಿ ಯೋಗಾಸನಗಳ ಮತ್ತು ಆಟಗಳ ವಿವರಗಳೂ ಇವೆ.

ಮೈಸೂರು ಶೈಲಿಯ ಕ್ರಮ ಹೀಗೆ. ಮರದ ಹಲಗೆಯ ಮೇಲೆ ಬಟ್ಟೆ ಅಥವಾ ಕಾಗದ ಅಂಟಿಸಿ, ಅದರ ಮೇಲೆ ರೇಖೆ ಹಾಕಬೇಕು. ಆಭರಣ, ಕಿರೀಟ, ಪ್ರಭಾವಳಿಗಳಿರುವ ಕಡೆ ಸಫೇತ ಮತ್ತು ಅಂಟು ಬೆರೆಸಿದ ಲೇಪವನ್ನು ಕುಂಚದಿಂದ ತುಸುವೇ ಉಬ್ಬುವಂತೆ ಕೊಡಬೇಕು. ಆ ಉಬ್ಬಿನ ಮೇಲೆ ಚಿನ್ನದ ರೇಕು ಕೂರಿಸಬೇಕು. ಬಣ್ಣ ಮತ್ತು ಮುಖದ ರೇಖೆ ಕೊನೆಗೆ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪ, ಗಾಜಿನ ಹರಳುಗಳೂ ಸೇರುತ್ತವೆ. ಮೈಸೂರಿನದರಲ್ಲಿ ಉಬ್ಬು ತೆಳು, ರೇಖೆಯೇ ಪ್ರಧಾನ. ಹುಬ್ಬಿನ ಕೂದಲು, ಸೀರೆಯ ಅಂಚಿನ ಬುಟ್ಟಾ ಇವನ್ನು ಬರೆಯಲು ಅಳಿಲಿನ ಬಾಲದ ಕೂದಲಿನ ಕುಂಚ ಬೇಕು. ಇಂಥ ಕೈಕಸುಬಿನ ನಡುವೆ ಬೆಳೆದ ಹುಡುಗನಿಗೆ ಸೂಕ್ಷ್ಮತೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಲ್ಕತ್ತೆಯ ವರ್ಷಗಳು

ನಾಲ್ವಡಿ ಕೃಷ್ಣರಾಜ ಒಡೆಯರು ಈ ಯುವಕನ ಶಕ್ತಿಯನ್ನು ಗುರುತಿಸಿದರು. ಮೈಸೂರಿನ ಕಲಿಕೆಯ ನಂತರ 1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಅವರ ಗುರು ಅವನೀಂದ್ರನಾಥ ಟಾಗೋರರು. ನಂದಲಾಲ ಬೋಸ್, ಅಸಿತ್ ಕುಮಾರ್ ಹಲ್ದಾರ್, ಕ್ಷಿತೀಂದ್ರನಾಥ ಮಜುಂದಾರ್ ಮೊದಲಾದವರು ಅದೇ ಗುರುವಿನ ಶಿಷ್ಯರು. ಸ್ವದೇಶಿ ಚಳವಳಿಯ ಕಾವು ಇದ್ದ ಕಾಲ ಅದು. ಎಣ್ಣೆಬಣ್ಣದಲ್ಲಿ ಯುರೋಪಿನವರನ್ನು ಅನುಕರಿಸುವುದನ್ನು ಬಿಟ್ಟು ಅಜಂತಾ, ಮೊಗಲ್, ರಾಜಪುತ್ರ ಚಿತ್ರಗಳಿಂದ ಹೊಸ ಭಾರತೀಯ ಕಲೆಯನ್ನು ಕಟ್ಟಬೇಕೆಂಬುದು ಈ ಗುಂಪಿನ ಸಂಕಲ್ಪ.

ಅಲ್ಲಿ ಅವರು ಕಲಿತ ಮುಖ್ಯ ವಿದ್ಯೆ 'ವಾಶ್' ಎಂಬ ವಿಧಾನ. ಜಪಾನಿನಿಂದ ಬಂದ ಕಲಾವಿದರ ಸಂಪರ್ಕದಿಂದ ಅವನೀಂದ್ರನಾಥರು ಇದನ್ನು ರೂಪಿಸಿದ್ದರು. ಕಾಗದದ ಮೇಲೆ ತೆಳುವಾದ ನೀರುಬಣ್ಣ ಹಚ್ಚಿ, ಒಣಗಿದ ಮೇಲೆ ಇಡೀ ಹಾಳೆಯನ್ನು ನೀರಿನಲ್ಲಿ ಅದ್ದುತ್ತಾರೆ. ಹೆಚ್ಚಾದ ಬಣ್ಣ ತೊಳೆದುಹೋಗಿ, ಉಳಿದದ್ದು ಕಾಗದದೊಳಕ್ಕೆ ಇಳಿಯುತ್ತದೆ. ಹೀಗೆ ಹಚ್ಚುವುದು, ಅದ್ದುವುದು, ಒಣಗಿಸುವುದು ಹಲವು ಸಲ ನಡೆದ ಮೇಲೆ ಬಣ್ಣಗಳು ಒಂದರೊಳಗೊಂದು ಕರಗಿ ಮಂಜು ಮುಸುಕಿದಂತಾಗುತ್ತವೆ. ಮೈಸೂರಿನ ಖಚಿತ ರೇಖೆ, ಬಂಗಾಳದ ಕರಗುವ ಬಣ್ಣ ಎರಡೂ ವೆಂಕಟಪ್ಪನವರ ಕೈಯಲ್ಲಿ ಕೂಡಿದವು.

ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರು ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1913ರಲ್ಲಿ ಲಂಡನ್ನಿನಿಂದ ಹೊರಬಂತು. ಅದರ ವರ್ಣಚಿತ್ರಗಳನ್ನು ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಅವರ ಶಿಷ್ಯರು ಬರೆದರು. ರಾಮಾಯಣಕ್ಕೆ ಸಂಬಂಧಿಸಿದ ಹಲವು ಚಿತ್ರಗಳು ವೆಂಕಟಪ್ಪನವರವು. ಇನ್ನೂ ಮೂವತ್ತು ದಾಟದ ಮೈಸೂರಿನ ಹುಡುಗನ ಕೆಲಸ ಹೀಗೆ ಸಮುದ್ರದಾಚೆಯ ಓದುಗರ ಕೈಸೇರಿತು.

ದಂತದ ಮೇಲಿನ ಮುಖ

ವೆಂಕಟಪ್ಪನವರು 1916ರಲ್ಲಿ ಮೈಸೂರಿಗೆ ಮರಳಿದರು. ಕಾಗದದ ಮೇಲಿನ ಚಿತ್ರಗಳ ಜೊತೆಗೆ ಅವರು ಆನೆದಂತದ ಮೇಲೆ ಭಾವಚಿತ್ರ ಬರೆಯುವುದರಲ್ಲೂ ಪಳಗಿದರು. ಈ ಕೆಲಸದ ಕಷ್ಟ ಎಂಥದು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ದಂತವನ್ನು ಕಾಗದದಷ್ಟು ತೆಳುವಾಗಿ ಸೀಳಿ, ಅದರ ಜಿಡ್ಡನ್ನು ತೆಗೆದು, ನುಣ್ಣಗೆ ಉಜ್ಜುತ್ತಾರೆ. ಕಾಗದ ನೀರು ಹೀರುತ್ತದೆ, ದಂತ ಹೀರುವುದಿಲ್ಲ. ಕುಂಚದಲ್ಲಿ ನೀರು ಜಾಸ್ತಿಯಾದರೆ ಬಣ್ಣ ಜಾರಿ ಗುಡ್ಡೆಯಾಗುತ್ತದೆ, ದಂತದ ಬಿಲ್ಲೆಯೂ ಸೊಟ್ಟಗಾಗುತ್ತದೆ. ಆದ್ದರಿಂದ ಬಳಿಯುವಂತಿಲ್ಲ. ಬಹುತೇಕ ಒಣಗಿದ ಕುಂಚದ ತುದಿಯಿಂದ ಚುಕ್ಕಿ ಪಕ್ಕಕ್ಕೆ ಚುಕ್ಕಿ, ಗೆರೆ ಪಕ್ಕಕ್ಕೆ ಗೆರೆ ಇಡುತ್ತಾ ಹೋಗಬೇಕು. ಒಂದು ಕೆನ್ನೆಯ ನೆರಳಿಗೆ ಸಾವಿರಾರು ಚುಕ್ಕಿಗಳಾಗುವುದುಂಟು. ತಪ್ಪಿದರೆ ಒದ್ದೆ ಕುಂಚದಿಂದ ಎತ್ತಿ, ಆ ಭಾಗವನ್ನು ಮತ್ತೆ ಮೊದಲಿನಿಂದ ತುಂಬಬೇಕು.

ಇಷ್ಟೆಲ್ಲ ಏಕೆ ಎಂದರೆ, ದಂತಕ್ಕೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಗುಣವಿದೆ. ಪಾರದರ್ಶಕ ಬಣ್ಣದ ಕೆಳಗಿನಿಂದ ಅದು ಹೊಳೆದಾಗ ಮುಖದ ಚರ್ಮಕ್ಕೆ ಜೀವ ಬರುತ್ತದೆ. ಯಾವ ಬಿಳಿಬಣ್ಣದಿಂದಲೂ ಆ ಕಾಂತಿ ಬಾರದು. ಸಾಗರ, ಸೊರಬದ ಗುಡಿಗಾರರು ಗಂಧದಲ್ಲೂ ದಂತದಲ್ಲೂ ಕೆತ್ತಿದ್ದನ್ನು ಕಂಡಿದ್ದ ಹಿರಿಯರಿಗೆ ಆ ಹೊಳಪಿನ ಪರಿಚಯ ಇದ್ದೀತು.

ಆ ಹೊಳಪಿಗೆ ಆನೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ ಆಮೇಲೆ ಬಂದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಲ್ಲಿಸಿದವು. ವೆಂಕಟಪ್ಪನವರ ಕಾಲದ ಈ ಮಾಧ್ಯಮ ಇಂದು ಮುಗಿದ ಅಧ್ಯಾಯ. ಹೀಗಾಗಿ ಉಳಿದ ಚಿತ್ರಗಳ ಜವಾಬ್ದಾರಿ ಇನ್ನಷ್ಟು ಹೆಚ್ಚಿದೆ.

ಮಂಜನ್ನು ಬರೆದವರು

1920ರ ದಶಕದಲ್ಲಿ ವೆಂಕಟಪ್ಪನವರು ಊಟಿ ಮತ್ತು ಕೊಡೈಕನಾಲ್ ಬೆಟ್ಟಗಳಿಗೆ ಹೋಗಿ ಪ್ರಕೃತಿ ದೃಶ್ಯಗಳನ್ನು ನೀರುಬಣ್ಣದಲ್ಲಿ ಬರೆದರು. ಪುರಾಣ ಬಿಟ್ಟು ಪ್ರಕೃತಿಗೆ ಬಂದದ್ದು ಅವರ ಕಲೆಯ ದೊಡ್ಡ ತಿರುವು. ಬೆಳಗಿನ ಮಂಜು, ಮಳೆಮೋಡ, ಬೆಳದಿಂಗಳು, ಕೆರೆಯ ನೀರಿನ ಮೇಲಿನ ಬೆಳಕು ಇವೇ ವಸ್ತು. ಕಿರುಚಿತ್ರದಲ್ಲಿ ಪಳಗಿದ ಕಣ್ಣು ಇಲ್ಲಿಯೂ ಬಿಡಲಿಲ್ಲ: ದೂರದ ಮರದ ಎಲೆಗೂ ಹತ್ತಿರದ ಮರದ ಎಲೆಗೂ ಇರುವ ವ್ಯತ್ಯಾಸವನ್ನು ತಾಳ್ಮೆಯಿಂದ ಹಿಡಿದರು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರು ಈ ಚಿತ್ರಗಳ ಒಳ್ಳೆಯ ಪರೀಕ್ಷಕರಾಗಬಲ್ಲರು. ಮಂಜು ಎಂದರೆ ಬಿಳಿಯ ಬಣ್ಣ ಎಂದು ಬಯಲುಸೀಮೆಯವರು ತಿಳಿಯಬಹುದು. ಆದರೆ ಅಡಿಕೆ ತೋಟದ ಮೇಲೆ ಇಳಿಯುವ ಮಂಜು ಬೇರೆ, ತುಂಗೆಯ ಮೇಲಿಂದ ಏಳುವ ಮಂಜು ಬೇರೆ, ಆಷಾಢದ ಮಳೆಯ ನಡುವೆ ಗುಡ್ಡಕ್ಕೆ ಕವಿಯುವ ಕಾವಳವೇ ಬೇರೆ ಎಂದು ಇಲ್ಲಿಯವರಿಗೆ ಗೊತ್ತು. ವೆಂಕಟಪ್ಪನವರ ಚಿತ್ರದ ಮುಂದೆ ನಿಂತಾಗ ಅವರು ಯಾವ ಹೊತ್ತಿನ ಮಂಜನ್ನು ಬರೆದಿದ್ದಾರೆಂದು ಹೇಳಲು ಪ್ರಯತ್ನಿಸಿ. ಚಿತ್ರ ನೋಡುವ ಮೊದಲ ಪಾಠ ಅದೇ. ಅದೇ ದಶಕದಲ್ಲಿ, 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಮೈಸೂರಿನಲ್ಲಿ ಓದುತ್ತಾ ಮಲೆನಾಡಿನ ಬೆಟ್ಟಗಳನ್ನು ಕನ್ನಡ ಕಾವ್ಯಕ್ಕೆ ತರುತ್ತಿದ್ದರು. ಒಬ್ಬರದು ಮಾತು, ಇನ್ನೊಬ್ಬರದು ಬಣ್ಣ; ಒಂದೇ ಊರಿನಲ್ಲಿದ್ದುಕೊಂಡು ಇಬ್ಬರೂ ಬೆಟ್ಟದ ಕಡೆ ಮುಖ ಮಾಡಿದ್ದರು.

ವೀಣೆಯ ಸೆಳೆತ

ವೆಂಕಟಪ್ಪನವರು ಮದುವೆಯಾಗಲಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ, ಹೊತ್ತಿಗೆ ಸರಿಯಾಗಿ ಸಾಧನೆ, ಅನವಶ್ಯಕ ಭೇಟಿಗಳಿಗೆ ಅವಕಾಶವಿಲ್ಲ ಎಂಬ ಶಿಸ್ತು ಅವರದು. ಹಲವು ವರ್ಷ ದಿನಚರಿ ಬರೆದಿಟ್ಟರು. ಈ ಕಟ್ಟುನಿಟ್ಟಿನ ಬದುಕಿಗೆ ನುಗ್ಗಿದ್ದು ಸಂಗೀತ. ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರಲ್ಲಿ ಅವರು ವೀಣೆ ಕಲಿತರು. ಕೆಲಕಾಲ ಕುಂಚಕ್ಕಿಂತ ವೀಣೆಯೇ ಮೇಲಾಯಿತು. ಕಲ್ಕತ್ತೆಯ ಗುರು ಒಂದು ಕಡೆ, ಮೈಸೂರಿನ ಗುರು ಇನ್ನೊಂದು ಕಡೆ. ಶಿಷ್ಯನ ಮನಸ್ಸು ನಡುವೆ. ಈ ಸ್ಥಿತಿಯನ್ನೇ ಅವರು ಒಂದು ಚಿತ್ರವಾಗಿಸಿದರು. ವೀಣೆಯ ಹುಚ್ಚು ಎಂಬ ಅರ್ಥದ ಹೆಸರಿನ ಆ ಚಿತ್ರದಲ್ಲಿ ಕಲಾವಿದ ತನ್ನನ್ನೇ ನೋಡಿ ನಕ್ಕಿದ್ದಾನೆ, ತನ್ನನ್ನೇ ಕಂಡು ಮರುಗಿಯೂ ಇದ್ದಾನೆ. ದೇವರನ್ನೂ ದೊರೆಗಳನ್ನೂ ಬರೆಯುತ್ತಿದ್ದ ಚಿತ್ರಗಾರರ ಮನೆತನದವನೊಬ್ಬ ತನ್ನ ಮನಸ್ಸಿನ ಗೊಂದಲವೇ ಚಿತ್ರಕ್ಕೆ ಯೋಗ್ಯ ವಸ್ತು ಎಂದು ತೀರ್ಮಾನಿಸಿದ್ದು ಸಣ್ಣ ಸಂಗತಿಯಲ್ಲ.

ಅರಮನೆ ಮತ್ತು ನ್ಯಾಯಾಲಯ

ನಾಲ್ವಡಿಯವರ ಆಶ್ರಯದಲ್ಲಿ ವೆಂಕಟಪ್ಪನವರು ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ಮಾಡತೊಡಗಿದರು. ವಸ್ತು ನಮ್ಮ ಪುರಾಣ, ಕಾವ್ಯಗಳದು. ಗಾತ್ರ ದೊಡ್ಡದಾದರೂ ವಿಧಾನ ಕಿರುಚಿತ್ರದ್ದೇ: ಬೆರಳ ಉಗುರು, ಬಳ್ಳಿಯ ಕುಡಿ ಎಲ್ಲವೂ ಸೂಕ್ಷ್ಮ. ಕೆಲಸ ನಿಧಾನವಾಗಿ ಸಾಗಿತು. 1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಕಲಾವಿದನ ನಿಧಾನವನ್ನು ಅರಿತು ಕಾದಿದ್ದ ದೊರೆ ಇಲ್ಲವಾದ ಮೇಲೆ ಉಬ್ಬುಶಿಲ್ಪಗಳ ಕೆಲಸಕ್ಕೆ ಸಲ್ಲಬೇಕಾದ ಹಣದ ವಿಷಯ ವ್ಯಾಜ್ಯಕ್ಕೆ ಬಂತು. ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮೈಸೂರನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದರು.

ಆಸ್ಥಾನದ ಚಿತ್ರಗಾರರ ಕುಲದವರು ಅರಮನೆಯ ವಿರುದ್ಧ ದಾವೆ ಹೂಡುವುದು ಅಂದಿನ ಮೈಸೂರಿನಲ್ಲಿ ಊಹಿಸಲಾಗದ ಮಾತು. ಅವರ ತಂದೆಯ ತಲೆಮಾರಿಗೆ ದೊರೆ ಕೊಟ್ಟದ್ದು ಇನಾಮು, ಅನುಗ್ರಹ. ವೆಂಕಟಪ್ಪನವರ ಪಾಲಿಗೆ ಅದು ದುಡಿಮೆಗೆ ಸಲ್ಲಬೇಕಾದ ಹಕ್ಕು. ಇಲ್ಲಿ ನಾವು ಯೋಚಿಸಬೇಕಾದ ಪ್ರಶ್ನೆ ಇದೆ. ಚಿತ್ರದ ಬೆಲೆಯನ್ನು ಯಾವುದರಿಂದ ಅಳೆಯಬೇಕು? ತೆಗೆದುಕೊಂಡ ಸಮಯದಿಂದಲೋ, ಚದರಡಿಯಿಂದಲೋ, ಕೊಡುವವರ ಮನಸ್ಸಿನಿಂದಲೋ? ಜಮೀನ್ದಾರಿ ಮನೆತನದ ತಾರ್ನೋವ್ಸ್ಕಾಗೆ ಈ ಪ್ರಶ್ನೆ ಎದುರಾಗಲಿಲ್ಲ, ಏಕೆಂದರೆ ಅವಳ ಸಮಯ ಅವಳದೇ ಆಗಿತ್ತು. ದುಡಿದು ಬದುಕುವ ಕಲಾವಿದನಿಗೆ ಸಮಯವೇ ಬಂಡವಾಳ. ವೆಂಕಟಪ್ಪನವರ ಹಟವನ್ನು ಕೆಲವರು ದುರಭಿಮಾನ ಎಂದರು. ಆದರೆ ಕುಶಲಕರ್ಮಿಯ ದುಡಿಮೆಯನ್ನು ದಾನದ ಲೆಕ್ಕಕ್ಕೆ ಸೇರಿಸಬಾರದು ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿದವರು ನಮ್ಮಲ್ಲಿ ಅವರಿಗೆ ಮೊದಲು ವಿರಳ.

ಈ ರಾಜಮನೆತನದ ನೆನಪು ನಮ್ಮ ಸೀಮೆಯಲ್ಲೂ ಇದೆ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ಊರು ನರಸಿಂಹರಾಜಪುರವಾದದ್ದು ನಾಲ್ವಡಿಯವರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ. ಆ ಯುವರಾಜರ ಮಗ ಜಯಚಾಮರಾಜ ಒಡೆಯರೇ 1940ರಲ್ಲಿ ಪಟ್ಟಕ್ಕೆ ಬಂದವರು. ದೊರೆಗಳ ಹೆಸರು ಊರಿನ ಫಲಕದ ಮೇಲೆ ಉಳಿಯುತ್ತದೆ. ಅವರಿಗಾಗಿ ದುಡಿದ ಕೈಗಳ ಹೆಸರು ಉಳಿಯಬೇಕಾದರೆ ಜನ ಅದನ್ನು ನೆನಪಿಡಬೇಕು.

ಕೊನೆಯ ವರ್ಷಗಳು, ಗ್ಯಾಲರಿ

ಕೇಂದ್ರ ಲಲಿತಕಲಾ ಅಕಾಡೆಮಿ 1962ರಲ್ಲಿ ವೆಂಕಟಪ್ಪನವರಿಗೆ ಫೆಲೋಶಿಪ್ ಗೌರವ ನೀಡಿತು. 1965ರಲ್ಲಿ ಅವರು ನಿಧನರಾದರು. ಸಾಹಿತಿ ವಿ. ಸೀತಾರಾಮಯ್ಯನವರು ಅವರ ಬಗೆಗೆ ಪುಸ್ತಕ ಬರೆದು ಹೊಸ ಪೀಳಿಗೆಗೆ ಪರಿಚಯಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, ಅವರ ಹೆಸರಿನ ಚಿತ್ರಶಾಲೆ 1975ರಲ್ಲಿ ತೆರೆಯಿತು. ಅವರ ನೀರುಬಣ್ಣದ ಚಿತ್ರಗಳು, ಉಬ್ಬುಶಿಲ್ಪಗಳು ಅಲ್ಲಿ ಸಂಗ್ರಹವಾಗಿವೆ. ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಅಲ್ಲಿನ ಪ್ರದರ್ಶನ ಕೊಠಡಿಗಳಲ್ಲಿ ಕರ್ನಾಟಕದ ಅನೇಕ ಯುವ ಕಲಾವಿದರು ತಮ್ಮ ಮೊದಲ ಪ್ರದರ್ಶನ ನಡೆಸಿದರು. ಈ ಗ್ಯಾಲರಿಯ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸುವ ಯೋಜನೆ ಬಂದಾಗ, 2016ರಲ್ಲಿ ಕಲಾವಿದರು ಒಟ್ಟುಗೂಡಿ ಬಹಿರಂಗವಾಗಿ ವಿರೋಧಿಸಿದರು. ಒಂಟಿಯಾಗಿ ಬಾಳಿದ, ಸಂಘ ಸಂಸ್ಥೆಗಳಿಂದ ದೂರವಿದ್ದ ವ್ಯಕ್ತಿಯ ಹೆಸರು ಕಲಾವಿದರನ್ನು ಒಂದುಗೂಡಿಸುವ ಹೆಸರಾಯಿತು.

ನಿಮ್ಮ ಮನೆಯಲ್ಲಿ ಹಳೆಯ ಚಿತ್ರವಿದ್ದರೆ

ಮಲೆನಾಡಿನ ಅನೇಕ ಹಳೆಯ ಮನೆಗಳ ದೇವರ ಕೋಣೆಯಲ್ಲಿ ಮೈಸೂರು ಶೈಲಿಯ ಶಾರದೆ, ಶ್ರೀರಾಮ ಪಟ್ಟಾಭಿಷೇಕ, ಲಕ್ಷ್ಮೀನಾರಾಯಣ ಚಿತ್ರಗಳಿರಬಹುದು. ನಮ್ಮ ಮಳೆಗಾಲವೇ ಅವುಗಳ ಮೊದಲ ಶತ್ರು. ಕೆಲವು ಎಚ್ಚರಗಳನ್ನು ಪಾಲಿಸಿದರೆ ಅವು ಇನ್ನೂ ಹಲವು ತಲೆಮಾರು ಉಳಿಯುತ್ತವೆ.

ಚಿತ್ರವನ್ನು ಹೊರಗೋಡೆಗೆ ತಾಗಿಸಿ ತೂಗುಹಾಕಬಾರದು. ಗೋಡೆಯ ತೇವ ಹಲಗೆಗೆ ಇಳಿಯುತ್ತದೆ. ಹಿಂದೆ ಎರಡು ಮರದ ತುಂಡು ಇಟ್ಟು ಗಾಳಿಯಾಡಲು ಸಂದು ಬಿಡಬೇಕು. ದೀಪದ ಹೊಗೆ, ಒಲೆಯ ಹೊಗೆ ನೇರವಾಗಿ ತಾಕದಿರಲಿ. ಬೂಷ್ಟು ಬಂತೆಂದು ಒದ್ದೆ ಬಟ್ಟೆಯಿಂದ ಒರೆಸಿದರೆ ಚಿನ್ನದ ರೇಕು ಕಿತ್ತುಬರುತ್ತದೆ, ನೀರುಬಣ್ಣವಾದರೆ ಚಿತ್ರವೇ ಹೋಗುತ್ತದೆ. ತೇವ ಆರಿಸಲು ಬಿಸಿಲಿಗೆ ಹಿಡಿಯುವುದೂ ತಪ್ಪು. ಬಣ್ಣ ಮಾಸಿ, ಹಲಗೆ ಬಿರಿಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ಇಡುವುದೇ ಸರಿ. ಬಣ್ಣ ಹಾರಿಹೋದ ಕಡೆ ಹೊಸ ಬಣ್ಣ ಹಚ್ಚಿಸುವ ಆತುರ ಬೇಡ. ಚಿತ್ರ ಸಂರಕ್ಷಣೆ ಬಲ್ಲವರನ್ನು ವಿಚಾರಿಸಿ. ದಂತದ ಮೇಲಿನ ಹಳೆಯ ಚಿತ್ರವೇನಾದರೂ ಇದ್ದರೆ ಅದನ್ನು ಮಾರುವ, ಕೊಳ್ಳುವ ಮಾತೇ ಇಲ್ಲ. ಅರಣ್ಯ ಇಲಾಖೆಯಲ್ಲಿ ಕಾನೂನಿನ ಕ್ರಮ ತಿಳಿದುಕೊಳ್ಳಿ.

ಕಾರಣಾಂತರದಿಂದ ಬೆಂಗಳೂರಿಗೆ ಹೋದಾಗ, ಗ್ಯಾಲರಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ವೆಂಕಟಪ್ಪನವರ ಚಿತ್ರಗಳನ್ನು ನೋಡಿ ಬನ್ನಿ. ಹತ್ತು ಚಿತ್ರಗಳ ಮುಂದೆ ಹತ್ತು ನಿಮಿಷ ಕಳೆಯುವುದಕ್ಕಿಂತ ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲುವುದು ಮೇಲು. ನಿಧಾನವಾಗಿ ಬರೆದದ್ದನ್ನು ನಿಧಾನವಾಗಿಯೇ ನೋಡಬೇಕು. ಮಕ್ಕಳು ಜೊತೆಗಿದ್ದರೆ ಅವರನ್ನೂ ನಿಲ್ಲಿಸಿ, ಒಂದು ಎಲೆಯೊಳಗೆ ಎಷ್ಟು ಬಣ್ಣಗಳಿವೆ ಎಂದು ಎಣಿಸಲು ಹೇಳಿ.